ಡೋಲಿನ ಬಣ್ಣ

2020ರ ಫೆಬ್ರವರಿಯಲ್ಲಿ ನಮ್ಮ ಡೊಂಬಿವಲಿ ಎಂಐಡಿಸಿಯ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಇಲ್ಲಿ ವಾಸಿಸುವವರಿಗೆ ಬಣ್ಣವೆಂದರೆ ಬರಿಯ ಚೆಲುವಲ್ಲ. ತಂಗಿಯ ಮಗುವಿಗೆ ಆಟದ ಡೋಲು ಕೊಳ್ಳಹೊರಟಾಗ ಒದ್ದೆ ಬೆರಳಿನಿಂದ ಅದನ್ನು ಉಜ್ಜಿ ನೋಡಿದೆ, ಕೆಂಪು ಅಂಟಿತು. ಹಲ್ಲು ಮೂಡುವ ಮಗು ಡೋಲನ್ನು ಬಾರಿಸುವ ಮೊದಲು ಕಚ್ಚುತ್ತದೆ.

ಆಗ ನೆನಪಾದದ್ದು ಬೆಂಗಳೂರು–ಮೈಸೂರು ಹಾದಿಯ ಚನ್ನಪಟ್ಟಣ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಿಗರು ಈ ವಿದ್ಯೆ ಕಲಿಸಿದರೆಂಬುದು ಅಲ್ಲಿನ ಪ್ರತೀತಿ. ತಿರುಗುವ ಆಲೆಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ; ಕುಂಚದ ಹಂಗಿಲ್ಲ. ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳೂ ಅಲ್ಲುಂಟು.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಭೌಗೋಳಿಕ ಸೂಚಕ ಪಡೆದ ಇಂಥ ಕರಕುಶಲ ವಸ್ತುಗಳಿಗೆ ವಿನಾಯಿತಿಯಿದೆ. ಆದರೆ ಚನ್ನಪಟ್ಟಣದ ಹೆಸರಿನಲ್ಲಿ ಮಾರುವುದೆಲ್ಲ ಅಲ್ಲಿಯದಲ್ಲ. ಬಣ್ಣ ಯಾವುದೆಂದು ಕೇಳಿಯೇ ಕೊಳ್ಳಬೇಕು.

ಡೋಲನ್ನು ಅಂಗಡಿಯಲ್ಲೇ ಬಿಟ್ಟೆ. ಊರಿಗೆ ಹೋದಾಗ ಕೇಳಿ, ಉಜ್ಜಿ ನೋಡಿ, ಅರಗಿನ ಗಿಲಕಿಯೊಂದನ್ನು ತಂದೆ. ಮಗು ಅದನ್ನೇ ನೆಲಕ್ಕೆ ಬಡಿದು ಡೋಲು ಮಾಡಿಕೊಂಡಿದೆ. ಕಚ್ಚಿದರೂ ಯಾರೂ ಕಿತ್ತುಕೊಳ್ಳುವುದಿಲ್ಲ.