ಹಾಡಿದವರದೇ ಹಾಡು: ಇಮೊಜೆನ್ ಹೀಪ್ ಮತ್ತು ಸ್ವತಂತ್ರ ಪಾಪ್ ಸಂಗೀತದ ದಾರಿ

2003ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಗಾಯಕಿ ಇಮೊಜೆನ್ ಹೀಪ್ ಒಂದು ವರ್ಷದಾಚೆಯ ದಿನಕ್ಕೆ ಮಾಸ್ಟರಿಂಗ್ ಸ್ಟುಡಿಯೊವೊಂದನ್ನು ಕಾಯ್ದಿರಿಸಿದರು. ಆಲ್ಬಮ್ ಪೂರ್ತಿ ಸಿದ್ಧವಾದ ಮೇಲೆ ಅದಕ್ಕೆ ಕೊನೆಯ ಹದ ಕೊಡಿಸಲು ಹೋಗುವ ಜಾಗ ಅದು. ಅವರ ಆಲ್ಬಮ್ ಇನ್ನೂ ಆಗಬೇಕಿತ್ತು. ಬೆನ್ನಿಗೆ ಕಂಪನಿಯೂ ಇರಲಿಲ್ಲ. ಖರ್ಚಿಗೆಂದು ತಮ್ಮ ಫ್ಲ್ಯಾಟ್ ಮೇಲೆ ಸಾಲ ಎತ್ತಿದರು. ಬರೆಯುವುದು, ಹಾಡುವುದು, ನುಡಿಸುವುದು, ಮುದ್ರಿಸುವುದು, ಎಲ್ಲವನ್ನೂ ಹೆಚ್ಚುಕಡಿಮೆ ಒಬ್ಬರೇ ಮಾಡಿ ಮುಗಿಸಿದರು. 2005ರ ಜುಲೈನಲ್ಲಿ ‘ಸ್ಪೀಕ್ ಫಾರ್ ಯುವರ್‌ಸೆಲ್ಫ್’ ಹೊರಬಂದಾಗ ಅದರ ಮೇಲಿದ್ದ ಕಂಪನಿಯ ಹೆಸರು ಮೆಗಾಫೋನಿಕ್. ಅದೂ ಅವರದೇ.

ಪಾಪ್ ಸಂಗೀತದ ಚರಿತ್ರೆಯನ್ನು ಸಾಮಾನ್ಯವಾಗಿ ದನಿಗಳ, ಮುಖಗಳ ಚರಿತ್ರೆಯಾಗಿ ಬರೆಯುತ್ತಾರೆ. ಹಾಡು ಅಚ್ಚಾದ ಮೂಲ ಮುದ್ರಿಕೆ ಯಾರ ಸೊತ್ತು, ಅದನ್ನು ಅಚ್ಚು ಮಾಡುವ ಯಂತ್ರ ಯಾರ ಕೈಯಲ್ಲಿತ್ತು ಎಂಬ ಇನ್ನೊಂದು ಚರಿತ್ರೆ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಹಳೆಯ ಪದ್ಧತಿ ಸರಳವಾಗಿತ್ತು. ಕಂಪನಿ ಗಾಯಕರಿಗೆ ಮುಂಗಡ ಕೊಡುತ್ತಿತ್ತು, ಸ್ಟುಡಿಯೊ ಬಾಡಿಗೆ ತೆರುತ್ತಿತ್ತು, ಬದಲಿಗೆ ಮಾಸ್ಟರ್ ಎಂದು ಕರೆಯುವ ಆ ಮೂಲ ಮುದ್ರಿಕೆಯನ್ನು ತನ್ನದಾಗಿಸಿಕೊಳ್ಳುತ್ತಿತ್ತು. ಹಾಡಿನ ನಾದ ಹೇಗಿರಬೇಕು, ಡ್ರಮ್ ಎಷ್ಟು ಮುಂದೆ ಬರಬೇಕು, ದನಿ ಎಷ್ಟು ಹಿಂದೆ ನಿಲ್ಲಬೇಕು ಎಂದು ತೀರ್ಮಾನಿಸುತ್ತಿದ್ದವರು ಪ್ರೊಡ್ಯೂಸರ್. ಅವರನ್ನು ಗೊತ್ತು ಮಾಡುತ್ತಿದ್ದದ್ದೂ ಹೆಚ್ಚಾಗಿ ಕಂಪನಿಯೇ. ಪದ ಕಟ್ಟಿ, ರಾಗ ಕೂಡಿಸಿ, ಎದೆ ತುಂಬಿ ಹಾಡಿದವರು ಮುದ್ರಣವಾದ ಮರುಕ್ಷಣವೇ ತಮ್ಮ ಹಾಡಿಗೆ ಹೊರಗಿನವರಾಗುತ್ತಿದ್ದರು.

ಈ ಏರ್ಪಾಡನ್ನು ಒಳಗಿನಿಂದಲೇ ಸಡಿಲಿಸಿದವರಲ್ಲಿ ಕೇಟ್ ಬುಷ್ ಅವರ ಹೆಸರನ್ನು ಮೊದಲು ಹೇಳಬೇಕು. 1978ರಲ್ಲಿ ‘ವದರಿಂಗ್ ಹೈಟ್ಸ್’ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಅವರಿಗೆ ಹತ್ತೊಂಬತ್ತು ವರ್ಷ. ತಾನೇ ಬರೆದ ಹಾಡಿನಿಂದ ಆ ಸ್ಥಾನ ಮುಟ್ಟಿದ ಮೊದಲ ಮಹಿಳೆ ಅವರು. ಗೆಲುವಿಗಿಂತ ಅದರ ನಂತರದ ನಡೆ ದೊಡ್ಡದು. 1982ರ ‘ದ ಡ್ರೀಮಿಂಗ್’ ಆಲ್ಬಮ್ಮನ್ನು ಸ್ವತಃ ಪ್ರೊಡ್ಯೂಸ್ ಮಾಡಿದರು. ಬಳಿಕ ತಮ್ಮ ಮನೆತನದ ತೋಟದ ಮನೆಯಲ್ಲೇ ಸ್ಟುಡಿಯೊ ಕಟ್ಟಿಸಿ, ಗಡಿಯಾರದ ಹಂಗಿಲ್ಲದೆ ಕೂತು, 1985ರಲ್ಲಿ ‘ಹೌಂಡ್ಸ್ ಆಫ್ ಲವ್’ ತಂದರು. ಯಾವ ಸದ್ದನ್ನಾದರೂ ಹಿಡಿದು ಕೀಲಿಮಣೆಯ ಮೇಲೆ ಸ್ವರವಾಗಿ ನುಡಿಸಬಲ್ಲ ಫೇರ್‌ಲೈಟ್ ಯಂತ್ರ ಆ ಆಲ್ಬಮ್ಮಿನ ಬೆನ್ನೆಲುಬು. ಅದರ ಬೆಲೆ ಆಗ ಒಂದು ಮನೆಯ ಬೆಲೆಯಷ್ಟಿತ್ತು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಲ್ಲಿ ಬಳಸಿದ ಮೇಲೆ ಅದೇ ಆಲ್ಬಮ್ಮಿನ ‘ರನ್ನಿಂಗ್ ಅಪ್ ದಟ್ ಹಿಲ್’ ಮೂವತ್ತೇಳು ವರ್ಷದ ಬಳಿಕ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಷ್ಟು ಹೊತ್ತಿಗೆ ಮುದ್ರಿಕೆಯ ಒಡೆತನ ಕೇಟ್ ಬುಷ್ ಅವರ ಬಳಿಯೇ ಇತ್ತು.

ಅಮೆರಿಕದಲ್ಲಿ ಪ್ರಿನ್ಸ್ 1978ರಲ್ಲೇ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಇಪ್ಪತ್ತೇಳು ವಾದ್ಯಗಳನ್ನು ಒಬ್ಬರೇ ನುಡಿಸಿದ್ದರು. ಆದರೆ ಮುದ್ರಿಕೆ ಕಂಪನಿಯದಾಗಿತ್ತು. 1990ರ ದಶಕದಲ್ಲಿ ಕೆನ್ನೆಯ ಮೇಲೆ ‘ಗುಲಾಮ’ ಎಂಬ ಅರ್ಥದ ಇಂಗ್ಲಿಷ್ ಪದ ಬರೆದುಕೊಂಡು ಅವರು ವೇದಿಕೆ ಏರಿದ್ದು ಅದಕ್ಕೇ. ಅದೇ ಹೊತ್ತಿಗೆ ಬಫಲೋ ನಗರದ ಆನಿ ಡಿಫ್ರಾಂಕೊ ಕಂಪನಿಗಳ ಬಾಗಿಲನ್ನೇ ತಟ್ಟದೆ, 1990ರಲ್ಲಿ ರೈಚಸ್ ಬೇಬ್ ಎಂಬ ಸ್ವಂತ ಲೇಬಲ್ ಶುರುಮಾಡಿ, ಕಛೇರಿ ಕೊಟ್ಟಲ್ಲೆಲ್ಲ ಕ್ಯಾಸೆಟ್ ಮಾರುತ್ತ ಹೋದರು.

ಫೇರ್‌ಲೈಟ್ ಕೊಳ್ಳಲಾಗದವರಿಗೂ ಹಾದಿ ಮಾಡಿಕೊಟ್ಟದ್ದು ಅಗ್ಗವಾಗುತ್ತ ಬಂದ ಯಂತ್ರ. 1979ರಲ್ಲಿ ಬಂದ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೊ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಪದರ ಮುದ್ರಿಸಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’ ಅದರಲ್ಲೇ ಆದ ಆಲ್ಬಮ್. 1983ರಲ್ಲಿ ಮಿಡಿ ಎಂಬ ಸಂಕೇತ ಪದ್ಧತಿ ಬಂದು ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಪರಸ್ಪರ ಮಾತಾಡತೊಡಗಿದವು. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ತಂತಿ ಸಿಕ್ಕಿಸುವ ಕಿಂಡಿ ಮೊದಲೇ ಇತ್ತು.

ಇಮೊಜೆನ್ ಹೀಪ್ ಕಥೆ ಶುರುವಾಗುವುದು ಅಂಥದೊಂದು ಅಟಾರಿಯ ಮುಂದೆ. 1977ರಲ್ಲಿ ಲಂಡನ್ನಿನ ಪೂರ್ವ ಅಂಚಿನಲ್ಲಿ ಹುಟ್ಟಿದ ಅವರು ಚಿಕ್ಕವರಿದ್ದಾಗಲೇ ಪಿಯಾನೊ, ಚೆಲ್ಲೊ, ಕ್ಲಾರಿನೆಟ್ ಕಲಿತರು. ವಸತಿ ಶಾಲೆಯಲ್ಲಿ ಸಂಗೀತದ ಮೇಷ್ಟರ ಜೊತೆ ಹೊಂದಿಕೆಯಾಗದೆ, ಕಂಪ್ಯೂಟರಿನ ಮುಂದೆ ಕೂತು ಸ್ವರ ಜೋಡಿಸುವುದನ್ನು ತಾವೇ ಕಲಿತರು. ಮುಂದೆ ಕ್ರಾಯ್ಡನ್ನಿನ ಬ್ರಿಟ್ ಸ್ಕೂಲ್ ಸೇರಿ, ಹದಿನೆಂಟರ ಹೊತ್ತಿಗೆ ಆಲ್ಮೊ ಸೌಂಡ್ಸ್ ಕಂಪನಿಯ ಕರಾರಿಗೆ ಸಹಿ ಹಾಕಿದರು. 1998ರಲ್ಲಿ ‘ಐ ಮೆಗಾಫೋನ್’ ಬಂತು. ಆಮೇಲೆ ಕಂಪನಿ ಕೈಬದಲಾಗಿ ಮುಚ್ಚಿಹೋಯಿತು, ಹೀಪ್ ಬೀದಿಗೆ ಬಿದ್ದರು. ಪ್ರೊಡ್ಯೂಸರ್ ಗೈ ಸಿಗ್ಸ್‌ವರ್ತ್ ಜೊತೆಗೂಡಿ ಫ್ರೂ ಫ್ರೂ ಎಂಬ ಜೋಡಿಯಾಗಿ 2002ರಲ್ಲಿ ‘ಡೀಟೇಲ್ಸ್’ ತಂದರು. ಅದೂ ಹೆಚ್ಚು ಮಾರಾಟವಾಗಲಿಲ್ಲ. ಎರಡು ವರ್ಷದ ಮೇಲೆ ‘ಗಾರ್ಡನ್ ಸ್ಟೇಟ್’ ಚಿತ್ರದಲ್ಲಿ ಅದರ ‘ಲೆಟ್ ಗೋ’ ಕೇಳಿಬಂದು ಜನ ಹುಡುಕಿಕೊಂಡು ಬರುವಷ್ಟರಲ್ಲಿ ಜೋಡಿ ಬೇರೆಯಾಗಿತ್ತು.

ಎರಡು ಬಾರಿ ಕಂಪನಿಯ ಗತಿಯೇ ತಮ್ಮ ಹಾಡಿನ ಗತಿಯಾದದ್ದನ್ನು ಕಂಡವರು ಮೂರನೆಯ ಸಲ ಫ್ಲ್ಯಾಟನ್ನೇ ಪಣಕ್ಕಿಟ್ಟದ್ದು ಹುಂಬತನವಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ಅವರ ಬಾಳಿನ ಅತಿ ದೊಡ್ಡ ಕೆಲಸ ಆ ಒಂದು ವರ್ಷದ್ದು. ಮುಂದೆ ಅವರಿಗೆ ಹೆಸರು ತಂದ ತಂತ್ರಜ್ಞಾನದ ಸಾಹಸಗಳೆಲ್ಲ ಅದರ ಬಲದ ಮೇಲೆ ನಿಂತವು.

‘ಸ್ಪೀಕ್ ಫಾರ್ ಯುವರ್‌ಸೆಲ್ಫ್’ ಆಲ್ಬಮ್ಮಿನ ‘ಹೈಡ್ ಅಂಡ್ ಸೀಕ್’ ಹಾಡು ಹುಟ್ಟಿದ ಬಗೆಯನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಒಂದು ಸಂಜೆ ಸ್ಟುಡಿಯೊದ ಕಂಪ್ಯೂಟರ್ ಕೈಕೊಟ್ಟಿತು. ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಾಗದೆ, ಡಿಜಿಟೆಕ್ ಕಂಪನಿಯ ವೋಕಲಿಸ್ಟ್ ಎಂಬ ಪೆಟ್ಟಿಗೆಗೆ ಮೈಕು, ಕೀಬೋರ್ಡು ಸಿಕ್ಕಿಸಿ ಹಾಡತೊಡಗಿದರು. ಕೀಬೋರ್ಡಿನಲ್ಲಿ ಒತ್ತಿದ ಸ್ವರಗಳಿಗೆ ತಕ್ಕಂತೆ ಆ ಪೆಟ್ಟಿಗೆ ಒಂದು ದನಿಯನ್ನು ಹಲವು ದನಿಗಳ ಮೇಳವಾಗಿಸುತ್ತದೆ. ಡ್ರಮ್ ಇಲ್ಲ, ಗಿಟಾರ್ ಇಲ್ಲ, ತಾಳದ ಆಸರೆಯಿಲ್ಲ. ಇಡೀ ಹಾಡನ್ನು ಒಂದು ಗಂಟಲೇ ಹೊತ್ತಿದೆ. ಯಂತ್ರದಲ್ಲಿ ಹಾಯ್ದ ದನಿಗೆ ಭಾವ ಉಳಿಯುವುದಿಲ್ಲ ಎನ್ನುವವರು ಈ ಹಾಡನ್ನೊಮ್ಮೆ ಹೆಡ್‌ಫೋನಿನಲ್ಲಿ ಕೇಳಬೇಕು. ಉಸಿರೆಳೆಯುವ ಸದ್ದೂ ಅದರಲ್ಲಿ ಸಂಗೀತವಾಗಿದೆ. 2005ರ ಮೇ ತಿಂಗಳಲ್ಲಿ ‘ದ ಓಸಿ’ ಎಂಬ ಅಮೆರಿಕನ್ ಧಾರಾವಾಹಿಯ ಋತುವಿನ ಕೊನೆಯ ಕಂತಿನಲ್ಲಿ ಬಂದ ಮೇಲೆ ಹಾಡು ಜಗತ್ತು ಸುತ್ತಿತು. 2009ರಲ್ಲಿ ಜೇಸನ್ ಡೆರುಲೊ ಅದರ ತುಣುಕಿನ ಮೇಲೆ ಕಟ್ಟಿದ ‘ವಾಚಾ ಸೇ’ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರ ನೆತ್ತಿಗೇರಿತು.

ಜನಪ್ರಿಯತೆ ಬಂದ ಮೇಲೆ ದೊಡ್ಡ ಕಂಪನಿಗಳೂ ಬಂದವು. ಹೀಪ್ ಅವುಗಳಿಗೆ ಹಂಚುವ ಕೆಲಸ ಕೊಟ್ಟರು, ಹಾಡು ಕಟ್ಟುವ ಅಧಿಕಾರ ಕೊಡಲಿಲ್ಲ. ತಾವು ಬೆಳೆದ ಅಂಡಾಕಾರದ ಮನೆಯನ್ನೇ ಪಡೆದುಕೊಂಡು ಅದರೊಳಗೆ ಸ್ಟುಡಿಯೊ ಮಾಡಿ, 2009ರಲ್ಲಿ ‘ಎಲಿಪ್ಸ್’ ತಂದರು. ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು, ಅದೂ ಧ್ವನಿಮುದ್ರಣದ ಎಂಜಿನಿಯರಿಂಗ್‌ಗೆ. ಗಾಯಕಿಯೊಬ್ಬರಿಗೆ ಮಿಕ್ಸಿಂಗ್ ಮೇಜಿನ ಕೆಲಸಕ್ಕಾಗಿ ಈ ಗೌರವ ಸಂದದ್ದು ಸಣ್ಣ ಮಾತಲ್ಲ. ಯುನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ಜನಪ್ರಿಯ ಹಾಡುಗಳ ಪ್ರೊಡ್ಯೂಸರುಗಳಲ್ಲಿ ಮಹಿಳೆಯರು ನೂರಕ್ಕೆ ಇಬ್ಬರು. ತಮ್ಮ ಆಲ್ಬಮ್ಮುಗಳ ತಾಳ, ನಾದ ಹೆಣೆದದ್ದು ತಾವೇ ಆದರೂ ಪತ್ರಕರ್ತರು ಅದನ್ನು ಜೊತೆಗಿದ್ದ ಗಂಡಸರ ಲೆಕ್ಕಕ್ಕೆ ಬರೆಯುತ್ತಾರೆ ಎಂದು ಐಸ್‌ಲೆಂಡಿನ ಬ್ಯೋರ್ಕ್ 2015ರಲ್ಲಿ ಬಹಿರಂಗವಾಗಿಯೇ ನೊಂದು ನುಡಿದಿದ್ದರು.

2011ರಿಂದ ಹೀಪ್ ಮೂರು ತಿಂಗಳಿಗೊಂದರಂತೆ ಹಾಡು ಕಟ್ಟುವ ಯೋಜನೆ ಹಾಕಿಕೊಂಡರು. ಮೊದಲನೆಯದಕ್ಕೆ ಅಭಿಮಾನಿಗಳು ತಮ್ಮ ಮನೆ, ಬೀದಿಯ ಸದ್ದುಗಳನ್ನು ಮುದ್ರಿಸಿ ಕಳಿಸಿದರು. ಒಂದು ಹಾಡು ಚೀನಾದ ಹಾಂಗ್‌ಝೌ ನಗರದಲ್ಲಿ ರೂಪುಗೊಂಡಿತು, ಒಂದಕ್ಕೆ ಭೂತಾನದ ಸಕ್ತೆಂಗ್ ಕಣಿವೆಯ ಹೆಸರು. ಭಾರತದ ಪಾಲೂ ಇದೆ. ‘ದ ಡೆವಾರಿಸ್ಟ್ಸ್’ ಟಿವಿ ಸರಣಿಗಾಗಿ ಅದೇ ವರ್ಷ ರಾಜಸ್ಥಾನಕ್ಕೆ ಬಂದ ಅವರು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಜೊತೆ ಸೇರಿ ‘ಮೈಂಡ್ಸ್ ವಿದೌಟ್ ಫಿಯರ್’ ಕಟ್ಟಿದರು. ಭಯವಿಲ್ಲದ ಮನಸ್ಸನ್ನು ಕುರಿತು ಟ್ಯಾಗೋರರು ಬರೆದ, ನಾವೆಲ್ಲ ಶಾಲೆಯಲ್ಲಿ ಓದಿದ ‘ಗೀತಾಂಜಲಿ’ಯ ಕವನ ಅದರ ಪ್ರೇರಣೆ. ಈ ಹಾಡುಗಳೆಲ್ಲ 2014ರ ‘ಸ್ಪಾರ್ಕ್ಸ್’ ಆಲ್ಬಮ್ಮಿನಲ್ಲಿ ಒಟ್ಟುಗೂಡಿದವು. ಅದೇ ವರ್ಷ ಟೇಲರ್ ಸ್ವಿಫ್ಟ್ ಅವರ ‘1989’ ಆಲ್ಬಮ್ಮಿನ ಕೊನೆಯ ಹಾಡು ‘ಕ್ಲೀನ್’ ಅನ್ನು ಇಬ್ಬರೂ ಸೇರಿ ಬರೆದು ಪ್ರೊಡ್ಯೂಸ್ ಮಾಡಿದರು. ಆ ಆಲ್ಬಮ್ಮಿಗೆ ವರ್ಷದ ಆಲ್ಬಮ್ ಗ್ರ್ಯಾಮಿ ಬಂದಾಗ ಹೀಪ್ ಅವರಿಗೂ ಪಾಲು ಸಿಕ್ಕಿತು.

ಯಂತ್ರದ ಮೋಹ ಅವರನ್ನು ಬಿಡಲಿಲ್ಲ. ಲ್ಯಾಪ್‌ಟಾಪ್ ಹಿಂದೆ ಕಲಾವಿದರು ಬೆನ್ನು ಬಗ್ಗಿಸಿ ನಿಂತರೆ ಸಭಿಕರಿಗೆ ಕಾಣುವುದೇನು? ಈ ಕೊರತೆ ನೀಗಲು ಎಂಜಿನಿಯರುಗಳ ತಂಡದೊಂದಿಗೆ ಮಿ.ಮು ಕೈಗವಸು ರೂಪಿಸಿದರು. ಮುಷ್ಟಿ ಹಿಡಿದರೆ ಸ್ವರ ನಿಲ್ಲುತ್ತದೆ, ತೋಳು ಎತ್ತಿದರೆ ದನಿ ಹಿಗ್ಗುತ್ತದೆ, ಹೀಗೆ ಯಾವ ಅಂಗಚಲನೆಗೆ ಯಾವ ನಾದವೆಂದು ಕಲಾವಿದರೇ ಗೊತ್ತುಮಾಡಬಹುದು. 2015ರ ಪ್ರವಾಸದಲ್ಲಿ ಆರಿಯಾನಾ ಗ್ರಾಂಡೆ ಇವನ್ನು ತೊಟ್ಟು ಹಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ‘ಟೈನಿ ಹ್ಯೂಮನ್’ ಹಾಡನ್ನು ಬ್ಲಾಕ್‌ಚೈನ್ ಎಂಬ ಹಂಚಿಕೆಯ ಡಿಜಿಟಲ್ ಲೆಕ್ಕಪುಸ್ತಕದ ಮೂಲಕ ಮಾರಿದ್ದು ಇನ್ನೊಂದು ಪ್ರಯೋಗ. ಕೇಳುಗ ಕೊಟ್ಟ ಹಣ ಮಧ್ಯವರ್ತಿಗಳಿಲ್ಲದೆ, ಹಾಡಿಗೆ ದುಡಿದ ಪ್ರತಿಯೊಬ್ಬರಿಗೂ ಕೂಡಲೇ ಹಂಚಿಕೆಯಾಗಬೇಕೆಂಬುದು ಉದ್ದೇಶ. ಬಂದದ್ದು 133 ಡಾಲರ್ ಆಸುಪಾಸು. ಕೇಳುಗರು ಮೊದಲು ಕ್ರಿಪ್ಟೊ ಖಾತೆ ತೆರೆಯಬೇಕಿದ್ದ ವ್ಯವಸ್ಥೆ ಅದು, ಸೋತದ್ದು ಸಹಜ. ಆದರೆ ಹಾಡು ನುಡಿಸಿದವರ ಹೆಸರುಗಳೇ ಡಿಜಿಟಲ್ ಲೋಕದಲ್ಲಿ ಕಳೆದುಹೋಗುತ್ತಿವೆ, ಅದಕ್ಕೇ ದುಡ್ಡೂ ಅವರನ್ನು ತಲುಪುತ್ತಿಲ್ಲ ಎಂಬ ಅವರ ರೋಗನಿರ್ಣಯ ಸರಿಯಾಗಿತ್ತು. ಅದು ಇವತ್ತಿಗೂ ಸರಿ.

ಅವರ ಹಿಂದೆ ಬಂದವರಿಗೆ ಹಾದಿ ಸ್ವಲ್ಪ ಅಗಲವಾಗಿತ್ತು. 2004ರಲ್ಲಿ ಆ್ಯಪಲ್ ಕಂಪ್ಯೂಟರುಗಳ ಜೊತೆ ಗರಾಜ್‌ಬ್ಯಾಂಡ್ ಉಚಿತವಾಗಿ ಬರತೊಡಗಿತು. ಕೆನಡಾದ ಗ್ರೈಮ್ಸ್ 2012ರ ‘ವಿಷನ್ಸ್’ ಆಲ್ಬಮ್ಮನ್ನು ಮಾಂಟ್ರಿಯಲ್‌ನ ತಮ್ಮ ಕೋಣೆಯಲ್ಲಿ ಅದರಲ್ಲೇ ಮಾಡಿದರು. ಬ್ರಿಟ್ ಸ್ಕೂಲಿನಲ್ಲೇ ಓದಿದ ರೇ ಎಂಬ ಗಾಯಕಿಯನ್ನು ಪಾಲಿಡಾರ್ ಕಂಪನಿ ವರ್ಷಗಟ್ಟಲೆ ಕಾಯಿಸಿತು, ಆಲ್ಬಮ್ ತರಲು ಬಿಡಲಿಲ್ಲ. 2021ರಲ್ಲಿ ಅವರು ಬಹಿರಂಗವಾಗಿ ಪ್ರತಿಭಟಿಸಿ ಹೊರಬಂದರು. 2023ರಲ್ಲಿ ಸ್ವತಂತ್ರವಾಗಿ ‘ಮೈ 21ಸ್ಟ್ ಸೆಂಚುರಿ ಬ್ಲೂಸ್’ ತಂದು, ಮರುವರ್ಷ ಒಂದೇ ರಾತ್ರಿ ಆರು ಬ್ರಿಟ್ ಪ್ರಶಸ್ತಿ ಗೆದ್ದು ದಾಖಲೆ ಮಾಡಿದರು. ತಮ್ಮ ಮೊದಲ ಆರು ಆಲ್ಬಮ್ಮುಗಳ ಮಾಸ್ಟರ್ 2019ರಲ್ಲಿ ಬೇರೆಯವರ ಪಾಲಾದದ್ದಕ್ಕೆ ಟೇಲರ್ ಸ್ವಿಫ್ಟ್ ಹಳೆಯ ಆಲ್ಬಮ್ಮುಗಳನ್ನು ಮತ್ತೆ ಹಾಡಿ ಮುದ್ರಿಸತೊಡಗಿದರು, 2025ರಲ್ಲಿ ಮೂಲಗಳನ್ನೇ ಕೊಂಡುಕೊಂಡರು. ಲೋಕದ ಅತಿ ಶ್ರೀಮಂತ ಗಾಯಕಿಗೇ ಇಷ್ಟು ಪಾಡಾದರೆ ಉಳಿದವರದೇನು?

ನಮ್ಮಲ್ಲಿ ಪ್ರಶ್ನೆ ಇನ್ನೂ ಹಸಿಯಾಗಿದೆ. ವಿಶಾಲ್–ಶೇಖರ್ ಹೀಪ್ ಜೊತೆ ಕೂಡುವ ಮುಂಚೆಯೇ, 2008ರಲ್ಲಿ, ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ತಂದ ರಘು ದೀಕ್ಷಿತ್ ತಂಡದ ಮೊದಲ ಆಲ್ಬಮ್ಮನ್ನು ತಮ್ಮ ಪುಟ್ಟ ಲೇಬಲ್ಲಿನಿಂದ ಹೊರತಂದಿದ್ದರು. ಸಿನಿಮಾದ ಹೊರಗೂ ಕನ್ನಡ ಹಾಡಿಗೆ ಕೇಳುಗರಿದ್ದಾರೆ ಎಂದು ಅದು ತೋರಿಸಿತು. ಈಗ ಕೋಣೆಯಲ್ಲೇ ಹಾಡು ಕಟ್ಟಿ ಯೂಟ್ಯೂಬಿಗೆ ಏರಿಸುವ ಕನ್ನಡದ ಹುಡುಗ ಹುಡುಗಿಯರು ಊರೂರಲ್ಲೂ ಇದ್ದಾರೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಹಾಡು ಬರೆದವರ, ಸಂಯೋಜಿಸಿದವರ ರಾಯಲ್ಟಿ ಹಕ್ಕಿಗೆ ರಕ್ಷಣೆ ಕೊಟ್ಟಿತು. ಮೂಲ ಮುದ್ರಿಕೆಯ ಒಡೆತನವನ್ನು ಮಾತ್ರ ಅದು ಮುಟ್ಟಲಿಲ್ಲ. ಅದು ಇನ್ನೂ ಕರಾರಿನ ಕಾಗದ ಹೇಳಿದಂತೆಯೇ.

2025ರ ಆರಂಭದಲ್ಲಿ, ಫ್ಲ್ಯಾಟಿನ ಸಾಲದಲ್ಲಿ ಹುಟ್ಟಿದ ಆಲ್ಬಮ್ಮಿನ ‘ಹೆಡ್‌ಲಾಕ್’ ಹಾಡು ಟಿಕ್‌ಟಾಕ್ ಪೀಳಿಗೆಯ ಕೈಗೆ ಸಿಕ್ಕಿ ಬಿಲ್‌ಬೋರ್ಡ್ ಹಾಟ್ 100 ಸೇರಿತು. ಯಾವ ಹಾಡಿಗೆ ಯಾವಾಗ ಕಾಲ ಬರುತ್ತದೋ ಬರೆದವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಹಾಡು ಕಟ್ಟುವ ಎಳೆಯರಲ್ಲಿ ಒಂದು ವಿನಂತಿ: ಮುಂಗಡದ ಚೆಕ್ ನೋಡುವ ಮೊದಲು ಮಾಸ್ಟರ್ ಯಾರದೆಂಬ ಕಲಮು ಓದಿ, ಅರ್ಥವಾಗದಿದ್ದರೆ ತಿಳಿದ ವಕೀಲರಿಂದ ಓದಿಸಿ, ಶಾಶ್ವತವಾಗಿ ಬರೆದುಕೊಡುವ ಬದಲು ಇಂತಿಷ್ಟು ವರ್ಷಕ್ಕೆ ಪರವಾನಗಿ ಕೊಡುತ್ತೇವೆಂದು ಕೇಳಿ.