ಹಳಿಯಿಲ್ಲದ ಗಾಡಿಗಳ ಶಿಸ್ತು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಬಂದ ಮೊದಲ ಪ್ರಯಾಣಿಕ ರೈಲು 14 ಡಬ್ಬಿಗಳನ್ನು ಎಳೆದು ತಂದಿತ್ತು. ಇಂದು ಆ ಮಾರ್ಗದ ಹಳಿಗಳನ್ನು ಪೂರ್ವ ದ್ರುತಗತಿ ಹೆದ್ದಾರಿಯು ಠಾಣೆಯ ಕೋಪರಿ ಸೇತುವೆಯ ಮೇಲೆ ದಾಟುತ್ತದೆ. ಕೆಳಗಿನ ರೈಲಿಗೆ ಹಳಿಯೇ ದಾರಿಯನ್ನು ಗೊತ್ತುಮಾಡುತ್ತದೆ. ಮೇಲಿನ ಟ್ರೇಲರ್ ಲಾರಿಯಲ್ಲಾದರೋ ವೇಗ, ದಾರಿ ಎರಡನ್ನೂ ಚಾಲಕನೇ ಕಾಯಬೇಕು. ರಸ್ತೆಯ ಕಾನೂನು ಇವುಗಳಲ್ಲಿ ವೇಗದ ವಿಚಾರವನ್ನು ಬೇಗನೆ ಕೈಗೆತ್ತಿಕೊಂಡಿತು. ದಾರಿಯ ವಿಚಾರಕ್ಕೆ ತಡವಾಗಿ ಬಂದಿತು.

1865ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ರಸ್ತೆಯ ಮೇಲಿನ ಉಗಿ ಎಂಜಿನ್ನುಗಳಿಗೆ ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿಗಳ ಮಿತಿ ವಿಧಿಸಿತು. ಕೆಂಪು ಬಾವುಟ ಹಿಡಿದವನೊಬ್ಬ 60 ಗಜ ಮುಂದೆ ನಡೆಯಬೇಕಿತ್ತು. ಹಿಂದೆ ಎರಡಕ್ಕಿಂತ ಹೆಚ್ಚು ಬಂಡಿಗಳಿದ್ದರೆ ಇನ್ನೊಬ್ಬ ಆಳು ಬೇಕಿತ್ತು. ನಗು ಬರಿಸುವ ಈ ನಿಯಮದಲ್ಲಿ ಒಂದು ತಿಳಿವಳಿಕೆಯಿದೆ: ಎಳೆಯುವವನಿಗೆ ತನ್ನ ಬೆನ್ನ ಹಿಂದಿನದು ಪೂರ್ತಿ ಕಾಣುವುದಿಲ್ಲ.

ಭಾರತದಲ್ಲಿ 1914 ಮತ್ತು 1939ರ ಮೋಟಾರು ವಾಹನ ಕಾಯಿದೆಗಳ ನಂತರ 1988ರ ಕಾಯಿದೆ ಬಂದಿತು. ಅದರಡಿಯ 1989ರ ರಸ್ತೆ ನಿಯಮಗಳು, ಕೆಟ್ಟ ವಾಹನವನ್ನು ಕಟ್ಟಿ ಎಳೆಯುವವರಿಗೆ ಗಂಟೆಗೆ 24 ಕಿಲೋಮೀಟರಿನ ಮಿತಿಯನ್ನೂ, ಎರಡರ ನಡುವೆ 5 ಮೀಟರಿಗೆ ಮೀರದ ಅಂತರವನ್ನೂ ವಿಧಿಸಿದವು. ಈ ವಿಚಿತ್ರ 24 ಹಳೆಯ 15 ಮೈಲಿಯ ಮರುರೂಪವೆಂಬುದು ಸುಲಭವಾಗಿ ಊಹಿಸಬಹುದಾದದ್ದು. ಇನ್ನು 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರುಗಳ ಗರಿಷ್ಠ ಮಿತಿಯನ್ನು 120ಕ್ಕೆ ಏರಿಸಿತು. ಸರಕು ವಾಹನಗಳದು 80. ಹೀಗೆ ಒಂದೇ ರಸ್ತೆಯಲ್ಲಿ 40 ಕಿಲೋಮೀಟರುಗಳ ಅಂತರವನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಅದನ್ನು ಸುರಕ್ಷಿತವಾಗಿಸಬಲ್ಲದ್ದು ಪಥದ ಶಿಸ್ತು ಮಾತ್ರ.

ಆದರೆ 1989ರ ನಿಯಮಗಳಲ್ಲಿ ಎಡಕ್ಕೆ ಚಲಿಸಬೇಕೆಂಬ ಸೂತ್ರ ಎದುರಿನಿಂದ ವಾಹನ ಬರುವ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಪಥಗಳನ್ನು ಗುರುತಿಸಿದಲ್ಲಿ ಅದರೊಳಗೇ ಇರಬೇಕು, ಸಂಜ್ಞೆ ಕೊಟ್ಟು ಬದಲಿಸಬೇಕು ಎಂದೂ ಅವು ಹೇಳಿದವು. ಎಡಪಥ ಭಾರದ ವಾಹನಕ್ಕೆ, ಬಲಪಥ ಮುಂದೆ ಹಾಯಲು ಮಾತ್ರ ಎಂಬ ಹಂಚಿಕೆಯನ್ನು ನಮ್ಮ ಭಾಗದ ಜನ ಕಲಿತದ್ದು ಬಹುಮಟ್ಟಿಗೆ 2002ರಲ್ಲಿ ಪೂರ್ಣಗೊಂಡ ಮುಂಬೈ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಫಲಕಗಳಿಂದ.

ಅಷ್ಟರೊಳಗೆ, 1989ರಲ್ಲಿ ಆರಂಭವಾದ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರು 40 ಅಡಿಯ ಕಂಟೇನರುಗಳನ್ನು ನವಿ ಮುಂಬೈ, ಠಾಣೆಗಳ ರಸ್ತೆಗಿಳಿಸಿತ್ತು. ಟ್ರೇಲರುಗಳು ಬಲಪಥ ಬಿಡುವುದಿಲ್ಲವೆಂಬ ದೂರು ನಮ್ಮಲ್ಲಿ ನಿತ್ಯದ್ದು. ಅದು ಸುಳ್ಳೂ ಅಲ್ಲ. ಆದರೆ ಅವರಿಗೆ ಬಿಟ್ಟ ಎಡಪಥದಲ್ಲಿ ಏನಿದೆ? ನಿಂತ ಬಸ್ಸು, ಸವಾರಿಗೆ ಕಾಯುವ ರಿಕ್ಷಾ, ಎದುರಿನಿಂದಲೇ ಬರುವ ಸ್ಕೂಟರು. ತುಂಬಿದ ಟ್ರೇಲರನ್ನು ಮತ್ತೆ ಮತ್ತೆ ನಿಲ್ಲಿಸಿ ಹೊರಡಿಸುವುದು ಕಷ್ಟ. ತಿರುಗುವಾಗ ಅದರ ಹಿಂಚಕ್ರಗಳು ಮುಂಚಕ್ರಗಳ ಜಾಡಿಗಿಂತ ಒಳಗೆ ಸರಿಯುತ್ತವೆ. ಎಡಬದಿಯಲ್ಲಿ ನುಸುಳಿದ ಸವಾರ ಕನ್ನಡಿಗೆ ಕಾಣಿಸುವುದೂ ಇಲ್ಲ. ಆ ಚಾಲಕ ಬಲಕ್ಕೆ ಸರಿಯುವುದರಲ್ಲಿ ಅಹಂಕಾರದಷ್ಟೇ ಭಯವೂ ಇದೆ.

ಕೋಪರಿ ಸೇತುವೆ ಇದಕ್ಕೆ ದೊಡ್ಡ ಪಾಠಶಾಲೆಯಾಗಿತ್ತು. ಎರಡೂ ಬದಿಯಲ್ಲಿ 8 ಪಥಗಳ ಹೆದ್ದಾರಿ, ನಡುವೆ 4 ಪಥಗಳ ಸೇತುವೆ. ಅಲ್ಲಿ ಒಬ್ಬರ ನಂತರ ಒಬ್ಬರು ಸೇರಿಕೊಳ್ಳುವುದರ ಹೊರತು ಬೇರೆ ಉಪಾಯವಿರಲಿಲ್ಲ. ಆದರೂ ಅದೇ ಅಪರೂಪವಾಗಿತ್ತು. 2023ರ ಫೆಬ್ರವರಿಯಲ್ಲಿ ವಿಸ್ತರಿಸಿದ ಸೇತುವೆ ಪೂರ್ಣವಾಗಿ ತೆರೆಯಿತು. ಕಾಂಕ್ರೀಟು ಅಗಲವಾಯಿತು, ದಾರಿ ಬಿಡುವ ಅಭ್ಯಾಸ ಅದರೊಡನೆ ತಾನಾಗಿ ಅಗಲವಾಗುವಂಥದ್ದಲ್ಲ.

2021ರಲ್ಲಿ ಮಹಾರಾಷ್ಟ್ರ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ತಂದ ಮೇಲೆ, ಮನೆಯನ್ನೇ ಎಳೆದುಕೊಂಡು ಹೊರಡುವ ಕುಟುಂಬಗಳೂ ಈ ಸಾಲಿಗೆ ಸೇರಬಹುದು. ರಜೆಯಲ್ಲಿ ಊರಿಗೆ ಹೊರಡುವ ನಾವು ಅವರಿಂದಲೂ ಲಾರಿಯವರಿಂದಲೂ ನಿಧಾನಗತಿ ಮತ್ತು ಎಡಪಥವನ್ನು ಬಯಸುವುದು ನ್ಯಾಯವೇ. ಆ ಎಡಪಥವನ್ನು ತೆರವಾಗಿಡುವ ಹೊಣೆ ಮಾತ್ರ ಸಣ್ಣ ವಾಹನದವರಾದ ನಮ್ಮದು.