ಕೊಬ್ಬು ಕರಗಿಸಿದ ಹಳದಿ ಪುಡಿ

ಮೊನ್ನೆ ಸಂಜೆ ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದ. ಓದು ಮುಗಿಸಿ ಈಚೆಗೆ ಕೆಲಸಕ್ಕೆ ಸೇರಿದವನು. ಬೆಳಗಿನ ಹೊತ್ತು ವ್ಯಾಯಾಮಶಾಲೆಗೆ ಹೋಗುವ ಅಭ್ಯಾಸವನ್ನು ಹೊಸದಾಗಿ ಹಿಡಿದಿದ್ದಾನೆ. ಅವನ ಕೈಯಲ್ಲಿ ಎರಡು ಡಬ್ಬಿಗಳಿದ್ದುವು. ಒಂದರಲ್ಲಿ ಮೈ ಕಟ್ಟುವ ಪುಡಿ, ಇನ್ನೊಂದರಲ್ಲಿ ಮೈ ಇಳಿಸುವ ಗುಳಿಗೆ. ಎರಡನ್ನೂ ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇವನ್ನು ತೆಗೆದುಕೊಳ್ಳಬಹುದೇ? ನೀವೇ ಹೇಳಿ" ಎಂದ.

ನಾನು ವೈದ್ಯನಲ್ಲ, ಚರಿತ್ರೆಯ ಪಾಠ ಹೇಳಿ ತಲೆ ನರೆತವನು. ಆದರೆ ರಾಜರಿಗೆ, ಕೋಟೆಗಳಿಗೆ ಇರುವಂತೆ ಗುಳಿಗೆಗೂ ಒಂದು ಚರಿತ್ರೆಯಿದೆ. ಅವನಿಗೆ ಅಂದು ಹೇಳಿದ ಆ ಚರಿತ್ರೆಯನ್ನೇ ಇಂದು ಕೇಳುಗರ ಮುಂದೆಯೂ ಇಡಬೇಕೆಂದಿದ್ದೇನೆ.

ಸ್ಥೂಲಕಾಯದ ಚಿಂತೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಶರೀರಗಳ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ಕೆಲವು ಔಷಧಿಗಳನ್ನೂ ಅಲ್ಲಿ ಹೇಳಿದೆ. ಆದರೆ ದಪ್ಪನೆಯ ದೇಹವನ್ನು ಇಳಿಸಬೇಕೆನ್ನುವವನು ಜಾಗರಣೆ, ವ್ಯಾಯಾಮ, ಚಿಂತನೆ ಮೊದಲಾದುವನ್ನು ಕ್ರಮಕ್ರಮವಾಗಿ ಹೆಚ್ಚಿಸಿಕೊಳ್ಳಬೇಕು ಎಂಬುದು ಅಲ್ಲಿಯ ಉಪದೇಶ. 'ಕ್ರಮಕ್ರಮವಾಗಿ' ಎಂಬ ಈ ಒಂದು ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ನಾನು ಹೇಳಲಿರುವುದೆಲ್ಲ ಆ ಮಾತನ್ನು ಮರೆತವರ ಕಥೆ.

ಕಥೆ ಆರಂಭವಾಗುವುದು ಆಸ್ಪತ್ರೆಯಲ್ಲಲ್ಲ, ಮದ್ದುಗುಂಡಿನ ಕಾರ್ಖಾನೆಯಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಕಾರ್ಖಾನೆಗಳು ಸ್ಫೋಟಕಗಳ ತಯಾರಿಕೆಯಲ್ಲಿ ಡೈನೈಟ್ರೊಫಿನಾಲ್ ಎಂಬ ಹಳದಿ ಬಣ್ಣದ ಪುಡಿಯನ್ನು ಬಳಸುತ್ತಿದ್ದುವು. ಅದರ ಧೂಳು ಉಸಿರಿನೊಡನೆ ಒಳಕ್ಕೆ ಹೋಗುತ್ತಿತ್ತು, ಚರ್ಮದ ಮೂಲಕವೂ ಮೈಗೆ ಸೇರುತ್ತಿತ್ತು. ಕೆಲಸಗಾರರು ವಿಪರೀತವಾಗಿ ಬೆವರಿದರು. ತಿನ್ನುವುದನ್ನು ತಿನ್ನುತ್ತಲೇ ಇಳಿದುಹೋದರು. ಕೆಲವರಿಗೆ ಮೈ ಕಾದು, ಜ್ವರವೇರಿ ಪ್ರಾಣವೇ ಹೋಯಿತು. ವಿಷವೈದ್ಯರ ವರದಿಗಳಲ್ಲಿ ಈ ಸಂಗತಿ ಸೇರಿಕೊಂಡಿತು. ಯುದ್ಧ ಮುಗಿಯಿತು, ವರದಿ ಉಳಿಯಿತು.

ಅದರಲ್ಲಿದ್ದ 'ಇಳಿದುಹೋದರು' ಎಂಬ ಅಂಶ ಮುಂದೆ ಇಬ್ಬರು ವಿಜ್ಞಾನಿಗಳ ಗಮನ ಸೆಳೆಯಿತು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮಾರಿಸ್ ಟೇಂಟರ್ ಮತ್ತು ವಿಂಡ್ಸರ್ ಕಟಿಂಗ್ ಅವರು ಈ ಪುಡಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಸ್ಥೂಲಕಾಯರಿಗೆ ಕೊಟ್ಟು ನೋಡಿ, 1933ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಮೈಯೊಳಗಿನ ದಹನಕ್ರಿಯೆ ಗಣನೀಯವಾಗಿ ಏರುತ್ತಿತ್ತು. ಊಟ ಬಿಡದೆಯೇ ವಾರಕ್ಕೆ ಒಂದು ಕಿಲೋ, ಒಂದೂವರೆ ಕಿಲೋ ತೂಕ ಇಳಿಯುತ್ತಿತ್ತು. ಈ ವಿಜ್ಞಾನಿಗಳು ಮೋಸಗಾರರಲ್ಲ. ವೈದ್ಯರ ಕಣ್ಗಾವಲಿಲ್ಲದೆ ಯಾರೂ ಇದನ್ನು ಮುಟ್ಟಬಾರದೆಂದು ಅವರೇ ಎಚ್ಚರಿಸಿದ್ದರು. ಆದರೆ 'ತೂಕ ಇಳಿಯುತ್ತದೆ' ಎಂಬ ಮಾತು ಓಡಿದ ವೇಗದಲ್ಲಿ ಎಚ್ಚರಿಕೆಯ ಮಾತು ಓಡಲಿಲ್ಲ. ಒಂದೇ ವರ್ಷದೊಳಗೆ ಅಮೆರಿಕದಲ್ಲಿ ಒಂದು ಲಕ್ಷ ಮಂದಿಯಾದರೂ ಇದನ್ನು ಸೇವಿಸಿರಬೇಕೆಂದು ಟೇಂಟರ್ ಅವರೇ ಅಂದಾಜು ಮಾಡಿದರು. ವೈದ್ಯರ ಚೀಟಿ ಇಲ್ಲದೆಯೇ ಅದು ಅಂಗಡಿಯಲ್ಲಿ ಸಿಗುತ್ತಿತ್ತು.

ಈ ಪುಡಿ ಮೈಯೊಳಗೆ ಮಾಡುವುದೇನು? ಅದನ್ನು ತಿಳಿಯಲು ನಮ್ಮ ಶಿವನಸಮುದ್ರವನ್ನು ನೆನೆದುಕೊಳ್ಳಬಹುದು. 1902ರಲ್ಲಿ ಅಲ್ಲಿ ಕಾವೇರಿಯ ನೀರನ್ನು ಎತ್ತರದಿಂದ ಕೊಳವೆಗಳಲ್ಲಿ ಇಳಿಸಿ, ಚಕ್ರಗಳನ್ನು ತಿರುಗಿಸಿ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿದರಷ್ಟೆ. ನಮ್ಮ ಜೀವಕೋಶಗಳಲ್ಲಿಯೂ ಇಂಥದೇ ಏರ್ಪಾಡುಂಟು. ತಿಂದ ಅನ್ನ ಉರಿದು, ಆ ಬಲದಿಂದ ಪ್ರೋಟಾನುಗಳೆಂಬ ಕಣಗಳು ಒಂದು ತೆಳುಪೊರೆಯ ಆಚೆಗೆ, ಅಣೆಕಟ್ಟಿನ ಹಿಂದೆ ನೀರು ನಿಂತಂತೆ, ಶೇಖರವಾಗುತ್ತವೆ. ಅವು ಚಕ್ರದಂಥ ಒಂದು ಬಾಗಿಲಿನ ಮೂಲಕ ಈಚೆಗೆ ಇಳಿಯುವಾಗ ದೇಹದ ಕೆಲಸಗಳಿಗೆ ಬೇಕಾದ ಶಕ್ತಿ ಸಿದ್ಧವಾಗುತ್ತದೆ. ಹಳದಿ ಪುಡಿ ಆ ಪೊರೆಯಲ್ಲೆಲ್ಲ ಕಳ್ಳದಾರಿಗಳನ್ನು ಮಾಡುತ್ತದೆ. ನೀರು ಹರಿದುಹೋಗುತ್ತದೆ, ಚಕ್ರ ತಿರುಗುವುದಿಲ್ಲ. ಬರಿದಾದ ಕಟ್ಟೆಯನ್ನು ತುಂಬಲು ದೇಹ ಇನ್ನೂ ಇನ್ನೂ ಕೊಬ್ಬನ್ನು ಉರಿಸುತ್ತದೆ. ಶಕ್ತಿಯಾಗಬೇಕಾದದ್ದು ಬರಿಯ ಶಾಖವಾಗುತ್ತದೆ.

ಕೊಬ್ಬು ಕರಗುವುದೇನೋ ನಿಜ. ಆದರೆ ಗುಣಕೊಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಇರುವ ಅಂತರ ತೀರ ಕಿರಿದು. ಮಿತಿಮೀರಿದರೆ ಮೈ ಒಳಗಿನಿಂದಲೇ ಬೇಯುತ್ತದೆ. ಸಾಮಾನ್ಯ ಜ್ವರದ ಮಾತ್ರೆ ಅದನ್ನು ಇಳಿಸಲಾರದು. ಅದಕ್ಕೆ ಪ್ರತಿವಿಷವೂ ಇಲ್ಲ. ಈ ಕಾರ್ಯವಿಧಾನದ ಗುಟ್ಟು ಬಿಡಿಸಲು ತೊಡಗಿದ್ದು 1948ರ ಸುಮಾರಿಗೆ. ಅದರ ಪೂರ್ಣ ಸಿದ್ಧಾಂತವನ್ನು 1961ರಲ್ಲಿ ಮುಂದಿಟ್ಟ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಹುಮಾನ ಬಂತು. ಅಂದರೆ 1933ರಲ್ಲಿ ಗುಳಿಗೆ ನುಂಗಿದವರಿಗಾಗಲಿ, ನುಂಗಿಸಿದವರಿಗಾಗಲಿ ಅದು ಒಳಗೆ ಮಾಡುವುದೇನೆಂದು ತಿಳಿದೇ ಇರಲಿಲ್ಲ.

ಸಾವಿನ ಸುದ್ದಿ ಮೊದಲ ವರ್ಷದಲ್ಲೇ ಬಂತು. 1935ರಲ್ಲಿ ಇನ್ನೊಂದು ಬಗೆಯ ಸುದ್ದಿ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯರ ಬಳಿಗೆ ಹರೆಯದ ಹೆಂಗಸರು ದೃಷ್ಟಿ ಮಂಜಾಯಿತೆಂದು ಬರತೊಡಗಿದರು. ಪರೀಕ್ಷಿಸಿದರೆ ಮುದುಕರಿಗೆ ಬರುವಂಥ ಪೊರೆ. ಮೈ ಇಳಿಯಲೆಂದು ಇವರೆಲ್ಲರೂ ಅದೇ ಗುಳಿಗೆಯನ್ನು ನುಂಗಿದ್ದರು. ಕೆಲವರಿಗಂತೂ ಗುಳಿಗೆ ನಿಲ್ಲಿಸಿ ತಿಂಗಳುಗಳಾದ ಮೇಲೆ ಪೊರೆ ಕಾಣಿಸಿಕೊಂಡಿತ್ತು. ಮೂವತ್ತು ತುಂಬುವ ಮೊದಲೇ ಎರಡು ಕಣ್ಣೂ ಮಂಜಾದ ತಾಯಿಯ ಮನೆಯನ್ನು ಕೇಳುಗರು ಊಹಿಸಿಕೊಳ್ಳಬಹುದು.

ಹಾಗಾದರೆ ಸರ್ಕಾರ ಸುಮ್ಮನಿತ್ತೇ? ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿರುವುದೇ ಮುಖ್ಯ ಪಾಠ. ಅಮೆರಿಕದಲ್ಲಿ ಆಗ ಜಾರಿಯಲ್ಲಿದ್ದುದು 1906ರ ಕಾಯಿದೆ. ಅದರ ಪ್ರಕಾರ ಔಷಧವೆಂದರೆ ರೋಗವನ್ನು ಗುಣಪಡಿಸಲು, ಶಮನಗೊಳಿಸಲು ಅಥವಾ ತಡೆಯಲು ಬಳಸುವ ವಸ್ತು. ಬೊಜ್ಜು ರೋಗವೆಂದು ಎಣಿಕೆಯಾಗಿರಲಿಲ್ಲ. ಆದ್ದರಿಂದ ಬೊಜ್ಜಿನ ಗುಳಿಗೆ ಕಾಯಿದೆಯ ಕಣ್ಣಿಗೆ ಔಷಧವೇ ಅಲ್ಲ. ತಿನ್ನುವ ಪದಾರ್ಥವಲ್ಲವಾದ್ದರಿಂದ ಆಹಾರವೂ ಅಲ್ಲ. ಮೇಲಾಗಿ ಆ ಕಾಯಿದೆ ಶಿಕ್ಷಿಸುತ್ತಿದ್ದುದು ಸುಳ್ಳು ಹೇಳುವ ಚೀಟಿಯನ್ನು. ಈ ಗುಳಿಗೆಯ ಚೀಟಿ ತೂಕ ಇಳಿಯುತ್ತದೆಂದು ಹೇಳುತ್ತಿತ್ತು; ತೂಕ ಇಳಿಯುತ್ತಲೂ ಇತ್ತು. ಎರಡು ಊರುಗಳ ಗಡಿಕಲ್ಲುಗಳ ನಡುವೆ ಯಾರಿಗೂ ಸೇರದೆ ಉಳಿದ ಬೀಳುನೆಲದಂತೆ, ಔಷಧಕ್ಕೂ ಆಹಾರಕ್ಕೂ ನಡುವೆ ಒಂದು ತೆರಪು. ವ್ಯಾಪಾರ ಬೇರೂರಿದ್ದು ಆ ತೆರಪಿನಲ್ಲಿ.

ಅದನ್ನು ಮುಚ್ಚಲು ಇನ್ನೊಂದು ದುರಂತವೇ ಬೇಕಾಯಿತು. 1937ರಲ್ಲಿ ಸಲ್ಫನಿಲಮೈಡ್ ಎಂಬ ಔಷಧವನ್ನು ವಿಷಕಾರಿ ದ್ರವವೊಂದರಲ್ಲಿ ಕರಗಿಸಿ 'ಎಲಿಕ್ಸಿರ್' ಎಂದು ಮಾರಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅದನ್ನು ಜಪ್ತಿ ಮಾಡಲು ಅಧಿಕಾರಿಗಳಿಗೆ ದೊರೆತ ಕಾರಣವೇನು ಗೊತ್ತೆ? ಎಲಿಕ್ಸಿರ್ ಎಂದರೆ ಅದರಲ್ಲಿ ಮದ್ಯಸಾರವಿರಬೇಕು, ಇದರಲ್ಲಿ ಇಲ್ಲ, ಆದ್ದರಿಂದ ಹೆಸರು ತಪ್ಪು ಎಂಬುದು! ಕೊಂದದ್ದು ಅಪರಾಧವಾಗಲಿಲ್ಲ, ಹೆಸರು ತಪ್ಪಾದದ್ದು ಅಪರಾಧವಾಯಿತು. ದೇಶ ನಾಚಿತು. 1938ರ ಜೂನ್ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊಸ ಕಾಯಿದೆಗೆ ಸಹಿಹಾಕಿದರು. ಹೊಸ ಔಷಧವನ್ನು ಮಾರುವ ಮೊದಲು ಅದು ಅಪಾಯವಿಲ್ಲದ್ದೆಂದು ತೋರಿಸುವ ಭಾರ ತಯಾರಕನ ಮೇಲೆ ಬಿತ್ತು. ಹಳದಿ ಪುಡಿ ಮನುಷ್ಯರ ಸೇವನೆಗೆ ಯೋಗ್ಯವಲ್ಲವೆಂದು ಸಾರಲ್ಪಟ್ಟು ಅಂಗಡಿಗಳಿಂದ ಮರೆಯಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1994ರಲ್ಲಿ ಅಮೆರಿಕ ಪೂರಕ ಆಹಾರಗಳಿಗೆಂದೇ ಇನ್ನೊಂದು ಕಾಯಿದೆ ಮಾಡಿತು. ಜೀವಸತ್ವಗಳು, ಖನಿಜಗಳು, ಗಿಡಮೂಲಿಕೆಗಳು ಇವನ್ನೆಲ್ಲ ಔಷಧದ ಸಾಲಿನಿಂದ ಬಿಡಿಸಿ ಆಹಾರದ ಸಾಲಿಗೆ ಸೇರಿಸಿತು. ಮಾರುವ ಮೊದಲು ತಯಾರಕ ರುಜುವಾತು ಒಪ್ಪಿಸಬೇಕಾಗಿಲ್ಲ. ಅಪಾಯವುಂಟೆಂದು ತೋರಿಸುವ ಹೊಣೆ ಸರ್ಕಾರದ್ದು. 1938ರಲ್ಲಿ ಮುಚ್ಚಿದ ತೆರಪು ಬೇರೆ ಕಡೆಯಲ್ಲಿ ತೆರೆದುಕೊಂಡಿತು.

ಆ ಬಾಗಿಲಿನಿಂದ ಧಾರಾಳವಾಗಿ ಒಳಕ್ಕೆ ಬಂದದ್ದು ಎಫಿಡ್ರ. ಚೀನೀಯರು ಬಹುಕಾಲದಿಂದ ಔಷಧವಾಗಿ ಬಳಸುತ್ತಿದ್ದ ಮೂಲಿಕೆ ಅದು. ಅದರ ಸತ್ತ್ವವಾದ ಎಫಿಡ್ರಿನ್ನನ್ನು ಜಪಾನಿನ ನಾಗಯ್ ಅವರು 1885ರಲ್ಲಿ ಬೇರ್ಪಡಿಸಿದ್ದರು. ಅದು ಗುಂಡಿಗೆಯ ಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸುತ್ತದೆ. ಕಾಫಿಯ ಸತ್ತ್ವದೊಡನೆ ಅದನ್ನು ಬೆರೆಸಿ, ಮೂಲಿಕೆಯೆಂಬ ಸೌಮ್ಯವಾದ ಹೆಸರಿನಲ್ಲಿ ಮೈ ಇಳಿಸುವವರಿಗೂ ಆಟಗಾರರಿಗೂ ಮಾರಿದರು. 2003ರ ಫೆಬ್ರುವರಿಯಲ್ಲಿ ಸ್ಟೀವ್ ಬೆಕ್ಲರ್ ಎಂಬ 23 ವರ್ಷದ ಬೇಸ್‌ಬಾಲ್ ಆಟಗಾರ ಅಭ್ಯಾಸದ ಮೈದಾನದಲ್ಲಿ ಕುಸಿದು, ಮಾರನೆಯ ದಿನ ತೀರಿಕೊಂಡ. ಸಾವಿಗೆ ಉಷ್ಣಾಘಾತ ಕಾರಣ, ಅದರಲ್ಲಿ ಎಫಿಡ್ರದ ಪಾಲೂ ಉಂಟು ಎಂದು ಪರೀಕ್ಷಿಸಿದ ವೈದ್ಯಾಧಿಕಾರಿ ಹೇಳಿದರು. ಎಪ್ಪತ್ತು ವರ್ಷದ ಮೇಲೆ ಮತ್ತೆ ಅದೇ ಮೈ ಕಾಯುವ ಸಾವು. 2004ರಲ್ಲಿ ಸರ್ಕಾರ ಎಫಿಡ್ರವಿರುವ ಪೂರಕಗಳನ್ನು ನಿಷೇಧಿಸಿತು.

ಇನ್ನೊಂದು ಬಗೆಯ ಮೋಸವೂ ಉಂಟು. ಹಸಿವನ್ನು ತಗ್ಗಿಸುವ ಸಿಬುಟ್ರಮೀನ್ ಎಂಬ ಔಷಧ ಹೃದಯಾಘಾತ, ಪಾರ್ಶ್ವವಾಯುಗಳ ಸಂಭವವನ್ನು ಹೆಚ್ಚಿಸುತ್ತದೆಂದು ಕಂಡುಬಂದು, 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಮಾರುಕಟ್ಟೆಯಿಂದ ಹಿಂದಕ್ಕೆ ಸರಿಯಿತು. 2011ರಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಆಮೇಲೆ ಅದು ಎಲ್ಲಿ ಸಿಕ್ಕಿತು? 'ಶುದ್ಧ ಮೂಲಿಕೆ' ಎಂದು ಬರೆದ ಗುಳಿಗೆಗಳೊಳಗೆ, ಚೀಟಿಯಲ್ಲಿ ಹೆಸರೇ ಇಲ್ಲದೆ. ಹಳದಿ ಪುಡಿಯೂ ಪೂರ್ತಿಯಾಗಿ ಸಾಯಲಿಲ್ಲ. ಇಂಟರ್‌ನೆಟ್ಟಿನ ಅಂಗಡಿಗಳಲ್ಲಿ ತಲೆಯೆತ್ತಿ ತರುಣ ತರುಣಿಯರನ್ನು ಬಲಿ ತೆಗೆದುಕೊಂಡಿತು. 2015ರಲ್ಲಿ ಇಂಟರ್‌ಪೋಲ್ ಅದರ ಬಗ್ಗೆ ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಬ್ರಿಟನ್ ಅದನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಿತು.

ನಮ್ಮ ದೇಶದ ಮಾತೇನು? ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತಿನ ಬಗೆಗೆ 1954ರಷ್ಟು ಹಿಂದೆಯೇ ನಮ್ಮಲ್ಲಿ ಕಾಯಿದೆ ಬಂತು. ಇಂತಿಂಥ ಕಾಯಿಲೆಗಳನ್ನು ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡಬಾರದೆಂದು ಹೇಳುವ ಅದರ ಅನುಸೂಚಿಯಲ್ಲಿ ಸ್ಥೂಲಕಾಯದ ಹೆಸರೂ ಇದೆ. ಆದರೆ ಅದು ಔಷಧಕ್ಕೆ ಹಾಕಿದ ಲಗಾಮು. ಡಬ್ಬಿಯ ಪುಡಿ ಆಹಾರದ ಹೆಸರಿನಲ್ಲಿ ಬರುತ್ತದೆ. ಅದಕ್ಕೆ 2006ರ ಆಹಾರ ಸುರಕ್ಷತೆ ಕಾಯಿದೆಯೂ, ಅದರ ಅಡಿಯಲ್ಲಿ 2016ರಲ್ಲಿ ಮಾಡಿದ ನಿಯಮಗಳೂ ಅನ್ವಯಿಸುತ್ತವೆ. ಇಂಥ ಪೂರಕಗಳ ಮೇಲೆ 'ಔಷಧವಾಗಿ ಬಳಸಲು ಅಲ್ಲ' ಎಂಬ ಅರ್ಥದ ಮಾತನ್ನು ಮುದ್ರಿಸಬೇಕು. 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಒಳ್ಳೆಯ ನಿಯಮಗಳೇ. ಆದರೆ ಓದುವವನಿದ್ದರೆ ತಾನೆ ಬರಹಕ್ಕೆ ಬೆಲೆ?

ಆದ್ದರಿಂದ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. "ಅಪ್ಪಾ, ಡಬ್ಬಿಯನ್ನು ಕೈಗೆತ್ತಿಕೊಂಡೊಡನೆ ಇದು ಆಹಾರವೋ ಔಷಧವೋ ಎಂದು ಕೇಳಿಕೋ. ಆಹಾರವಾದರೆ ಆಹಾರದಂತೆಯೇ ಲೆಕ್ಕಹಾಕು. ನಿನ್ನ ಒಂದು ಡಬ್ಬಿಯಲ್ಲಿರುವುದು ಹಾಲಿನ ಪ್ರೋಟೀನು. ಅದು ಕೆಟ್ಟದ್ದಲ್ಲ, ಪವಾಡವೂ ಅಲ್ಲ. ನಮ್ಮ ದೇಶದ ತಜ್ಞರು 2020ರಲ್ಲಿ ಹೇಳಿರುವಂತೆ ಸಾಧಾರಣ ಮನುಷ್ಯನಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. 60 ಕಿಲೋ ತೂಗುವವನಿಗೆ ಸುಮಾರು 50 ಗ್ರಾಂ. ಕಸರತ್ತು ಮಾಡುವವನಿಗೆ ಇನ್ನಷ್ಟು ಬೇಕಾದೀತು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಉಂಟು, ಒಂದು ಮೊಟ್ಟೆಯಲ್ಲಿ 6 ಗ್ರಾಂ. ನಿಮ್ಮಮ್ಮ ಮಾಡುವ ಹುರುಳಿ ಸಾರು, ಮೊಸರು, ಬೇಳೆ ಇವನ್ನೆಲ್ಲ ಕೂಡಿಸಿ ನೋಡು. ಆಮೇಲೂ ಕೊರತೆ ಕಂಡರೆ ಪುಡಿಯನ್ನು ಕೊಳ್ಳು.

"ಇನ್ನೊಂದು ಡಬ್ಬಿ ಹಾಗಲ್ಲ. ತಿಂದುಕೊಂಡಿರು, ಕೊಬ್ಬು ತಾನಾಗಿ ಕರಗುತ್ತದೆ ಎಂದು ಹೇಳುವ ವಸ್ತು ಆಹಾರವಾಗಿರಲಾರದು. ಅದು ನಿಜವಾಗಿ ಕೆಲಸ ಮಾಡುವುದಾದರೆ ಔಷಧ. ವೈದ್ಯರನ್ನು ಕೇಳದೆ ನುಂಗುವಂಥದಲ್ಲ. ಕೆಲಸ ಮಾಡದಿದ್ದರೆ ಹಣ ದಂಡ. ಮೈ ಇಳಿಸುವ ಒಳ್ಳೆಯ ಔಷಧಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿಗೆ ಈ ಕೆಲಸಕ್ಕಾಗಿ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಸಾವಿರಾರು ಜನರ ಮೇಲೆ ಪರೀಕ್ಷೆಯಾಗಿ, ತನ್ನ ಗುಣದ ಜೊತೆಗೆ ದೋಷವನ್ನೂ ಹೇಳಿಕೊಂಡು, ಔಷಧದ ಹೆಬ್ಬಾಗಿಲಿನಿಂದಲೇ ಬಂತು. ಕಳ್ಳಗಂಡಿಯಿಂದ ಬಂದದ್ದನ್ನು ಮಾತ್ರ ನಂಬಬೇಡ."

ಹುಡುಗ ಸ್ವಲ್ಪ ಹೊತ್ತು ಮಾತನಾಡಲಿಲ್ಲ. "ನಮ್ಮ ಜೊತೆಯವರೆಲ್ಲ ತೆಗೆದುಕೊಳ್ಳುತ್ತಿದ್ದಾರೆ ಮೇಷ್ಟ್ರೇ, ಯಾರಿಗೂ ಏನೂ ಆಗಿಲ್ಲ" ಎಂದ. 1934ರಲ್ಲಿಯೂ ಎಲ್ಲರೂ ಹಾಗೆಯೇ ಹೇಳುತ್ತಿದ್ದರು, ಕಣ್ಣಿಗೆ ಪೊರೆ ಬಂದದ್ದು 1935ರಲ್ಲಿ ಎಂದೆ.

ಅವನು ಗುಳಿಗೆಯ ಡಬ್ಬಿಯನ್ನು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಸಣ್ಣ ಅಕ್ಷರಗಳನ್ನು ಓದತೊಡಗಿದ. ಹನ್ನೊಂದು ಮೂಲಿಕೆಗಳ ಹೆಸರಿದ್ದುವು. ಯಾವುದು ಎಷ್ಟೆಂದು ಬರೆದಿರಲಿಲ್ಲ, ಎಲ್ಲ ಸೇರಿ ಇಷ್ಟೆಂದು ಮಾತ್ರ ಇತ್ತು. ಪರವಾನಗಿಯ ಸಂಖ್ಯೆಯನ್ನು ಹುಡುಕಿದ, ಸಿಗಲಿಲ್ಲ. "ಇನ್ನೂ ಬಿರಡೆ ತೆಗೆದಿಲ್ಲ, ಅಂಗಡಿಯವರು ವಾಪಸು ತೆಗೆದುಕೊಳ್ಳಬಹುದೋ ಏನೋ" ಎಂದು ತನಗೆ ತಾನೇ ಹೇಳಿಕೊಂಡು ಎದ್ದ. ಪುಡಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು, ದೀಪ ಹತ್ತುವ ಹೊತ್ತಿಗೆ ಅಂಗಡಿ ಬೀದಿಯ ಕಡೆಗೆ ನಡೆದ.